ಔಷಧ ದಲ್ಲಾಳಿಗಳಿಗೆ ಮೂಗುದಾರ: ಅಮೆರಿಕದ ಪಿಬಿಎಂ ಮಸೂದೆಯನ್ನು ಓದುವ, ತಿದ್ದುವ ಕ್ರಮ

ಅಮೆರಿಕದಲ್ಲಿ ವೈದ್ಯರ ಚೀಟಿ ಹಿಡಿದು ಫಾರ್ಮಸಿಗೆ ಹೋದಾಗ ಕೈಯಿಂದ ಎಷ್ಟು ಕೊಡಬೇಕು ಎಂಬುದನ್ನು ವೈದ್ಯರಾಗಲೀ ಕೌಂಟರ್ ಹಿಂದೆ ನಿಂತವರಾಗಲೀ ತೀರ್ಮಾನಿಸುವುದಿಲ್ಲ. ವಿಮಾ ಯೋಜನೆಯ ಪರವಾಗಿ ಔಷಧದ ವ್ಯವಹಾರ ನೋಡಿಕೊಳ್ಳುವ ಮಧ್ಯವರ್ತಿ ಕಂಪನಿ ಅದನ್ನು ತೀರ್ಮಾನಿಸುತ್ತದೆ. ಇದಕ್ಕೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಎಂದು ಹೆಸರು, ಎಲ್ಲರ ಬಾಯಲ್ಲಿ ಪಿಬಿಎಂ. ಯಾವ ಔಷಧ ವಿಮೆಯ ಪಟ್ಟಿಯಲ್ಲಿರಬೇಕು, ಯಾವ ಫಾರ್ಮಸಿಯಲ್ಲಿ ಕೊಳ್ಳಬೇಕು, ಫಾರ್ಮಸಿಗೆ ಎಷ್ಟು ಪಾವತಿ, ತಯಾರಕರಿಂದ ಎಷ್ಟು ರಿಬೇಟ್ ವಸೂಲಿ, ಎಲ್ಲವೂ ಅದರ ಕೈಯಲ್ಲಿ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಎಂಬ ಮೂರೇ ಕಂಪನಿಗಳು 2023ರಲ್ಲಿ ದೇಶದ ಚೀಟಿಗಳಲ್ಲಿ ಸುಮಾರು ಶೇ 80ರಷ್ಟನ್ನು ನಿಭಾಯಿಸಿದವು. ಈ ಮೂರಕ್ಕೂ ಒಂದೊಂದು ದೊಡ್ಡ ವಿಮಾ ಕಂಪನಿಯ ಜೊತೆ ಒಂದೇ ಮನೆತನದ ಸಂಬಂಧವಿದೆ: ಏಟ್ನಾ, ಸಿಗ್ನಾ, ಯುನೈಟೆಡ್‌ಹೆಲ್ತ್‌ಕೇರ್. ಮೂರಕ್ಕೂ ಸ್ವಂತ ಅಂಚೆ ಫಾರ್ಮಸಿಗಳೂ ಇವೆ.

ಇವನ್ನು ಹದ್ದುಬಸ್ತಿನಲ್ಲಿಡಲು ರಾಜ್ಯಗಳ ಶಾಸನಸಭೆಗಳಿಗೆ ಪ್ರತಿವರ್ಷ ಮಸೂದೆಗಳು ಬರುತ್ತವೆ. ಬಹಳಷ್ಟು ಪಾಸೂ ಆಗುತ್ತವೆ. ಆದರೂ ಔಷಧದ ಬಿಲ್ಲು ಇಳಿಯುವುದು ಅಪರೂಪ, ಏಕೆಂದರೆ ಕಾಯ್ದೆ ಚಾಪೆ ಕೆಳಗೆ ನುಸುಳಿದರೆ ಪಿಬಿಎಂ ರಂಗೋಲಿ ಕೆಳಗೆ ನುಸುಳುತ್ತದೆ. ಒಂದು ಹೆಸರಿನ ಹಣವನ್ನು ನಿಷೇಧಿಸಿದರೆ ಅದೇ ಹಣ ಇನ್ನೊಂದು ಹೆಸರಿನಲ್ಲಿ ಬರುತ್ತದೆ. ಹಾಗಾಗಿ ಸ್ವತಂತ್ರ ಫಾರ್ಮಸಿ ನಡೆಸುವವರು, ನೌಕರರಿಗೆ ವಿಮೆ ಕೊಡುವ ಸಣ್ಣ ಕಂಪನಿಯವರು, ರೋಗಿಗಳ ಸಂಘದವರು ಮಸೂದೆಯನ್ನು ಓದುವಾಗ ಪ್ರತಿ ಕಲಮಿಗೂ ಒಂದೇ ಪ್ರಶ್ನೆ ಕೇಳಬೇಕು: ಇಲ್ಲಿ ತಡೆದ ಹಣ ಎಲ್ಲಿಗೆ ಹೋಗುತ್ತದೆ?

ಮೊದಲು ಹಣದ ದಾರಿ ಬರೆದುಕೊಳ್ಳಿ

ಮಸೂದೆ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಎರಡು ಲೆಕ್ಕ ಮಾಡಿಟ್ಟುಕೊಳ್ಳಿ. ಒಂದು ಜೆನೆರಿಕ್ ಔಷಧದ್ದು, ಇನ್ನೊಂದು ಬ್ರ್ಯಾಂಡ್ ಔಷಧದ್ದು. ಎರಡರಲ್ಲೂ ದಲ್ಲಾಳಿಯ ಗಳಿಕೆಯ ದಾರಿ ಬೇರೆ ಬೇರೆ. ಒಂದಕ್ಕೆ ಬರೆದ ಕಲಮು ಇನ್ನೊಂದಕ್ಕೆ ಕೆಲಸಕ್ಕೆ ಬರುವುದಿಲ್ಲ. ಕೆಳಗಿನ ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು.

ಜೆನೆರಿಕ್: 30 ಮಾತ್ರೆಯನ್ನು ಫಾರ್ಮಸಿ ಸಗಟು ವ್ಯಾಪಾರಿಯಿಂದ 6 ಡಾಲರಿಗೆ ಕೊಂಡಿದೆ. ರೋಗಿ ಕೌಂಟರಿನಲ್ಲಿ 10 ಡಾಲರ್ ಕೋಪೇ ಕೊಡುತ್ತಾರೆ. ಪಿಬಿಎಂ ವಿಮಾ ಯೋಜನೆಗೆ 21 ಡಾಲರ್ ಬಿಲ್ ಮಾಡುತ್ತದೆ. ಒಟ್ಟು ಬಂದದ್ದು 31. ಫಾರ್ಮಸಿಗೆ ಒಪ್ಪಂದದ ಪ್ರಕಾರ ಸಲ್ಲಬೇಕಾದ್ದು 8 ಮಾತ್ರ, ಆದ್ದರಿಂದ ರೋಗಿ ಕೊಟ್ಟ 10ರಲ್ಲಿ 2 ಡಾಲರನ್ನು ಪಿಬಿಎಂ ಫಾರ್ಮಸಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಮಧ್ಯದಲ್ಲಿ ಉಳಿದ 23 ಡಾಲರಿಗೆ ಸ್ಪ್ರೆಡ್ ಎನ್ನುತ್ತಾರೆ. ಫಾರ್ಮಸಿಗೆ ಉಳಿದ 2 ಡಾಲರಿನಲ್ಲಿ ಡಬ್ಬಿ, ಬಾಡಿಗೆ, ಸಂಬಳ ಎಲ್ಲ ನಡೆಯಬೇಕು.

ಬ್ರ್ಯಾಂಡ್: ಪಟ್ಟಿ ಬೆಲೆ 600 ಡಾಲರ್. ವಿಮೆಯ ಪಟ್ಟಿಯಲ್ಲಿ ಒಳ್ಳೆಯ ಜಾಗ ಸಿಗಲೆಂದು ತಯಾರಕರು 300 ಹಿಂದಿರುಗಿಸುತ್ತಾರೆ. ಅದರಲ್ಲಿ 240ಕ್ಕೆ ಮಾತ್ರ ರಿಬೇಟ್ ಎಂಬ ಹೆಸರು. ಉಳಿದ 60 ಆಡಳಿತ ಶುಲ್ಕ, ದತ್ತಾಂಶ ಶುಲ್ಕ, ಬೆಲೆ ಏರಿಕೆ ರಕ್ಷಣೆ ಎಂಬ ಹೆಸರುಗಳಲ್ಲಿ ಬರುತ್ತದೆ. ವಿಮಾ ಯೋಜನೆಗೆ ‘ರಿಬೇಟಿನ ನೂರಕ್ಕೆ ನೂರು’ ಕೊಟ್ಟೆವು ಎಂದು ಪಿಬಿಎಂ ಹೇಳಿದರೆ ಅದು ಸುಳ್ಳಲ್ಲ, 240 ನಿಜವಾಗಿಯೂ ಹೋಗಿದೆ. ಇತ್ತ ಶೇ 20 ಪಾಲು ಕಟ್ಟುವ ರೋಗಿ 600ರ ಮೇಲೆ 120 ಡಾಲರ್ ಕೊಟ್ಟಿದ್ದಾರೆ. ನಿವ್ವಳ ಬೆಲೆಯಾದ 300ರ ಮೇಲೆ ಲೆಕ್ಕ ಹಾಕಿದ್ದರೆ 60 ಸಾಕಿತ್ತು. ಡಿಡಕ್ಟಿಬಲ್, ಅಂದರೆ ವಿಮೆ ಶುರುವಾಗುವ ಮುನ್ನ ರೋಗಿಯೇ ಕಟ್ಟಬೇಕಾದ ಮೊತ್ತ, ಇನ್ನೂ ಮುಗಿಯದವರಾದರೆ ಪೂರ್ತಿ 600.

ವ್ಯಾಖ್ಯಾನದ ಪುಟವನ್ನೇ ಮೊದಲು ಓದಿ

ಎಲ್ಲರೂ ಹಾರಿಸಿ ಮುಂದೆ ಹೋಗುವ ಪುಟ ಅದು. ಮಸೂದೆಯ ಬಲವೆಲ್ಲ ಅಲ್ಲೇ ಇರುತ್ತದೆ. ‘ರಿಬೇಟ್’ ಎಂದರೆ ‘ತಯಾರಕರು ಪಿಬಿಎಂಗೆ ಕೊಡುವ ರಿಯಾಯಿತಿ’ ಎಂದಷ್ಟೇ ಬರೆದಿದ್ದರೆ ಮೇಲಿನ 60 ಡಾಲರ್ ಅಲ್ಲೇ ತಪ್ಪಿಸಿಕೊಂಡಿತು. ಇರಬೇಕಾದ ಅರ್ಥ ಹೀಗೆ: ಔಷಧದ ಮಾರಾಟ, ಬಳಕೆ ಅಥವಾ ಪಟ್ಟಿಯಲ್ಲಿನ ಸ್ಥಾನಕ್ಕೆ ಸಂಬಂಧಿಸಿ, ನೇರವಾಗಿಯೋ ಪರೋಕ್ಷವಾಗಿಯೋ, ಯಾವ ಹೆಸರಿನಲ್ಲೇ ಆಗಲಿ, ಪಿಬಿಎಂಗೆ ಅಥವಾ ಅದರ ಯಾವುದೇ ಅಂಗಸಂಸ್ಥೆಗೆ ತಯಾರಕರಿಂದ ಬರುವ ಎಲ್ಲ ಪ್ರತಿಫಲ.

‘ಅಂಗಸಂಸ್ಥೆ’ ಎಂಬ ಮಾತನ್ನು ಬಿಟ್ಟ ಮಸೂದೆಯನ್ನು ಬೆಂಬಲಿಸುವುದರಲ್ಲಿ ಅರ್ಥವಿಲ್ಲ. ಮೂರು ದೊಡ್ಡ ಪಿಬಿಎಂಗಳೂ ತಯಾರಕರೊಡನೆ ಚೌಕಾಸಿ ಮಾಡಲು ಪ್ರತ್ಯೇಕ ಖರೀದಿ ಕಂಪನಿಗಳನ್ನು ಕಟ್ಟಿಕೊಂಡಿವೆ: ಸಿವಿಎಸ್ ಕಡೆಯ ಜಿಂಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಕಡೆಯ ಅಸೆಂಟ್, ಆಪ್ಟಮ್ ಕಡೆಯ ಎಮಿಸಾರ್. ಅಸೆಂಟನ್ನು ಕಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಎಮಿಸಾರನ್ನು ಐರ್ಲೆಂಡಿನಲ್ಲಿ. ಶುಲ್ಕ ಅಲ್ಲಿ ಜಮೆಯಾದರೆ ಇಲ್ಲಿನ ಪಿಬಿಎಂನ ಖಾತೆ ನೋಡುವ ಆಡಿಟರಿಗೆ ಏನೂ ಕಾಣುವುದಿಲ್ಲ. ಇದರ ಜೊತೆಗೆ ಸ್ವಂತ ಹೆಸರಿನಲ್ಲಿ ಔಷಧ ಮಾರುವ ಕಂಪನಿಗಳೂ ಬಂದಿವೆ. ಸಿವಿಎಸ್‌ನ ಕಾರ್ಡಾವಿಸ್ 2023ರಲ್ಲಿ ಶುರುವಾಯಿತು. ಇಲ್ಲಿ ತಯಾರಕನ ಕುರ್ಚಿಯಲ್ಲೂ ದಲ್ಲಾಳಿಯ ಬಳಗವೇ ಕೂತಿರುವುದರಿಂದ ‘ತಯಾರಕರು’ ಎಂಬ ವ್ಯಾಖ್ಯಾನದಲ್ಲಿ ಲೇಬಲ್ ಹಚ್ಚಿ ಮಾರುವವರೂ ಸೇರಬೇಕು.

ಸ್ಪ್ರೆಡ್ ನಿಷೇಧ: ಅರ್ಧ ಕೆಲಸ

ಒಹಾಯೊ ರಾಜ್ಯದ ಲೆಕ್ಕಪರಿಶೋಧಕರು 2018ರಲ್ಲಿ ಮೆಡಿಕೈಡ್ (ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಔಷಧದ ಕ್ಲೇಮುಗಳನ್ನು ಒಂದೊಂದಾಗಿ ತೂಗಿ ನೋಡಿದಾಗ, ಒಂದೇ ವರ್ಷದಲ್ಲಿ 22.48 ಕೋಟಿ ಡಾಲರ್ ಸ್ಪ್ರೆಡ್ ಸಿಕ್ಕಿತು. ಜೆನೆರಿಕ್‌ಗಳ ಮಟ್ಟಿಗೆ ಅದು ಶೇ 31.4. ಸರಾಸರಿ ವರದಿಗಳನ್ನು ಬದಿಗಿಟ್ಟು ಕ್ಲೇಮಿನ ಮಟ್ಟದ ಮಾಹಿತಿ ತರಿಸಿಕೊಂಡದ್ದರಿಂದಲೇ ಅದು ಸಿಕ್ಕಿದ್ದು. ವೆಸ್ಟ್ ವರ್ಜಿನಿಯಾ 2017ರಲ್ಲೇ ಔಷಧದ ಭಾಗವನ್ನು ಖಾಸಗಿ ಯೋಜನೆಗಳಿಂದ ಹಿಂದಕ್ಕೆ ಪಡೆದು ಮೆಡಿಕೈಡ್ ಇಲಾಖೆಯ ಕೈಗೆ ತಂದುಕೊಂಡಿತ್ತು. ಒಹಾಯೊ ಇಡೀ ಮೆಡಿಕೈಡಿಗೆ ಒಂದೇ ಪಿಬಿಎಂ ಎಂಬ ವ್ಯವಸ್ಥೆಗೆ 2022ರ ಅಕ್ಟೋಬರಿನಲ್ಲಿ ಹೋಯಿತು.

ನಿಷೇಧದ ಕಲಮಿನಲ್ಲಿ ಇರಬೇಕಾದ್ದು ಸರಳ: ಯೋಜನೆಗೆ ಬಿಲ್ ಮಾಡಿದ ಮೊತ್ತವೂ ಫಾರ್ಮಸಿಯ ಕೈ ಸೇರಿದ ಮೊತ್ತವೂ ಪ್ರತಿ ಕ್ಲೇಮಿನಲ್ಲಿ ಒಂದೇ ಆಗಿರಬೇಕು, ಪಿಬಿಎಂಗೆ ಬೇರೆಯಾಗಿ ಕಾಣುವ ಶುಲ್ಕ. ಇಲ್ಲಿ ಹೊರಬಿದ್ದ ಹಣ ಎಲ್ಲಿಗೆ ಹೋಗುತ್ತದೆ? ಮೊದಲನೆಯದಾಗಿ ಆಡಳಿತ ಶುಲ್ಕ ಏರುತ್ತದೆ. ಅದು ಪರವಾಗಿಲ್ಲ, ಕಣ್ಣಿಗೆ ಕಾಣುವ ಶುಲ್ಕದ ಮೇಲೆ ಚೌಕಾಸಿ ಮಾಡಬಹುದು. ಎರಡನೆಯ ದಾರಿ ಕೆಟ್ಟದ್ದು. ಪಿಬಿಎಂ ತನ್ನದೇ ಅಂಚೆ ಫಾರ್ಮಸಿಗೋ ದೊಡ್ಡ ಕಾಯಿಲೆಗಳ ದುಬಾರಿ ಔಷಧ ಮಾರುವ ಸ್ಪೆಷಾಲಿಟಿ ಫಾರ್ಮಸಿಗೋ ದುಬಾರಿ ದರ ಕೊಟ್ಟುಕೊಳ್ಳುತ್ತದೆ. ಬಿಲ್ಲೂ ಪಾವತಿಯೂ ಸರಿಸಮ, ಸ್ಪ್ರೆಡ್ ಸೊನ್ನೆ, ಲಾಭ ಮಾತ್ರ ಮನೆಯೊಳಗೇ. ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಹೊರತಂದ ವರದಿಯ ಪ್ರಕಾರ, ಮೂರು ದೊಡ್ಡ ಪಿಬಿಎಂಗಳ ಬಳಗದ ಫಾರ್ಮಸಿಗಳು 2017ರಿಂದ 2022ರವರೆಗೆ ಸ್ಪೆಷಾಲಿಟಿ ಜೆನೆರಿಕ್ ಔಷಧಗಳಲ್ಲಿ ಅಂದಾಜು ಖರೀದಿ ಬೆಲೆಗಿಂತ 730 ಕೋಟಿ ಡಾಲರಿಗೂ ಹೆಚ್ಚು ಗಳಿಸಿದವು. ಕ್ಯಾನ್ಸರ್, ಎಚ್‌ಐವಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾಯಿಲೆಗಳ ಔಷಧಗಳು ಇವು. ಆದ್ದರಿಂದ ಸ್ಪ್ರೆಡ್ ನಿಷೇಧದ ಜೊತೆಗೇ ಇನ್ನೊಂದು ವಾಕ್ಯ ಬೇಕು: ಅದೇ ಔಷಧಕ್ಕೆ ಬೇರೆ ಫಾರ್ಮಸಿಗಳಿಗೆ ಕೊಡುವ ದರಕ್ಕಿಂತ ಹೆಚ್ಚಿನ ದರವನ್ನು ಸ್ವಂತ ಬಳಗದ ಫಾರ್ಮಸಿಗೆ ಕೊಡಕೂಡದು. ಜೊತೆಗೆ ಯಾವುದೇ ಔಷಧಕ್ಕೆ ‘ಸ್ಪೆಷಾಲಿಟಿ’ ಹಣೆಪಟ್ಟಿ ಹಚ್ಚಿ ತಮ್ಮ ಫಾರ್ಮಸಿಗೆ ಎಳೆದುಕೊಳ್ಳುವ ಅಧಿಕಾರವನ್ನೂ ಕಾಯ್ದೆಯೇ ಬಿಗಿಮಾಡಬೇಕು. ಇಲ್ಲದಿದ್ದರೆ ಮಾಮೂಲಿ ಮಾತ್ರೆಯೂ ಆ ಪಟ್ಟಿಗೆ ಸೇರುತ್ತದೆ.

ಫಾರ್ಮಸಿಗೆ ಕನಿಷ್ಠ ಪಾವತಿ: ನಾಡಾಕ್ ಬಳಸುವ ಬಗೆ

ಕೊಂಡ ಬೆಲೆಗಿಂತ ಕಡಿಮೆ ಪಾವತಿ ಬಂದರೆ ಊರಿನ ಸಣ್ಣ ಫಾರ್ಮಸಿ ಬಾಗಿಲು ಮುಚ್ಚುತ್ತದೆ. ಇದನ್ನು ತಡೆಯುವ ಕಲಮಿಗೆ ಅಳತೆಗೋಲು ಬೇಕು. ಎಡಬ್ಲ್ಯೂಪಿ ಎಂಬ ಹಳೆಯ ‘ಸರಾಸರಿ ಸಗಟು ಬೆಲೆ’ಯನ್ನು ಅಳತೆಯಾಗಿ ಹಿಡಿದ ಮಸೂದೆ ಕಂಡರೆ ಕೂಡಲೇ ಆಕ್ಷೇಪಿಸಿ. ಅದು ಕಾಗದದ ಮೇಲಿನ ಬೆಲೆ, ಯಾರೂ ಆ ದರಕ್ಕೆ ಕೊಳ್ಳುವುದಿಲ್ಲ. ಸದ್ಯಕ್ಕೆ ಇರುವ ಒಳ್ಳೆಯ ಅಳತೆ ನಾಡಾಕ್. ಚಿಲ್ಲರೆ ಫಾರ್ಮಸಿಗಳ ಖರೀದಿ ಬಿಲ್ಲುಗಳ ಸಮೀಕ್ಷೆಯಿಂದ ತೆಗೆದ ಸರಾಸರಿ ಬೆಲೆ ಅದು. ಕೇಂದ್ರದ ಮೆಡಿಕೇರ್-ಮೆಡಿಕೈಡ್ ಇಲಾಖೆ ಪ್ರತಿವಾರ ಪ್ರಕಟಿಸುತ್ತದೆ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಲೆಕ್ಕ ಹೀಗೆ. ಡಬ್ಬಿಯ ಮೇಲೆ ಔಷಧವನ್ನು ಗುರುತಿಸುವ ಎನ್‌ಡಿಸಿ ಸಂಖ್ಯೆ ನೋಡಿ. ಅಲ್ಲಿ ಸಾಮಾನ್ಯವಾಗಿ 10 ಅಂಕಿ ಇರುತ್ತದೆ, ನಾಡಾಕ್ ಕಡತದಲ್ಲಿ ಗೆರೆಗಳಿಲ್ಲದ 11 ಅಂಕಿ. ಸಂಖ್ಯೆಯ ಮೂರು ಭಾಗಗಳು 5, 4, 2 ಅಂಕಿಗಳಾಗುವಂತೆ, ಕಡಿಮೆಯಿರುವ ಭಾಗದ ಮುಂದೆ ಸೊನ್ನೆ ಸೇರಿಸಬೇಕು. ಸೊನ್ನೆ ತಪ್ಪು ಜಾಗಕ್ಕೆ ಬಿದ್ದರೆ ಔಷಧ ಸಿಗುವುದಿಲ್ಲ, ಇಲ್ಲವೇ ಬೇರೆಯದೇ ಔಷಧ ಸಿಗುತ್ತದೆ. ಆಮೇಲೆ ಏಕಮಾನ ನೋಡಿ: ಮಾತ್ರೆಗೆ ಒಂದೊಂದರ ಬೆಲೆ, ದ್ರವಕ್ಕೆ ಮಿಲಿಲೀಟರಿನದು, ಮುಲಾಮು ಮತ್ತು ಹಲವು ಇನ್‌ಹೇಲರುಗಳಿಗೆ ಗ್ರಾಮಿನದು. 8.5 ಗ್ರಾಮಿನ ಇನ್‌ಹೇಲರನ್ನು ‘ಒಂದು’ ಎಂದು ಎಣಿಸಿದರೆ ಬೆಲೆ ಎಂಟೂವರೆ ಪಟ್ಟು ತಪ್ಪುತ್ತದೆ. ವಿಚಾರಣೆಯಲ್ಲಿ ಇಂಥ ಒಂದು ತಪ್ಪು ಸಿಕ್ಕರೆ ಸಾಕು, ಎದುರು ಪಕ್ಷದವರು ನಿಮ್ಮ ಉಳಿದ ಅಂಕಿಗಳನ್ನೂ ತಳ್ಳಿಹಾಕುತ್ತಾರೆ. ಕೊನೆಗೆ ಔಷಧ ಕೊಟ್ಟ ದಿನದಂದು ಜಾರಿಯಲ್ಲಿದ್ದ ನಾಡಾಕ್ ದರವನ್ನೇ ಹಿಡಿಯಿರಿ, ಇವತ್ತಿನದನ್ನಲ್ಲ. ಮಾತ್ರೆಗೆ 0.04 ಡಾಲರ್ ಇದ್ದರೆ 30 ಮಾತ್ರೆಗೆ 1.20. ಇದರ ಮೇಲೆ ಔಷಧ ಕೊಡುವ ಕೆಲಸದ ಶುಲ್ಕ. ಬಹಳ ರಾಜ್ಯಗಳ ಮೆಡಿಕೈಡ್ ಕೊಡುವುದು 10 ಡಾಲರಿನ ಆಸುಪಾಸು. 10.50 ಎಂದಿಟ್ಟುಕೊಂಡರೆ ಕನಿಷ್ಠ ಪಾವತಿ 11.70 ಡಾಲರ್.

ನಾಡಾಕ್‌ಗೂ ಕೊರತೆಗಳಿವೆ. ಸಮೀಕ್ಷೆಗೆ ಉತ್ತರಿಸುವುದು ಫಾರ್ಮಸಿಗಳ ಇಚ್ಛೆ. ಬಿಲ್ಲಿನಲ್ಲಿ ಕಾಣದ, ಆಮೇಲೆ ಸಿಗುವ ರಿಯಾಯಿತಿಗಳು ಅದರಲ್ಲಿ ಬರುವುದಿಲ್ಲ. ಅದು ಸರಾಸರಿ ಆದ್ದರಿಂದ ಅದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವ ಫಾರ್ಮಸಿಗಳೂ ಇರುತ್ತವೆ. ಕೆಲವು ಔಷಧಗಳಿಗೆ ನಾಡಾಕ್ ಇರುವುದೇ ಇಲ್ಲ, ಮಸೂದೆಯಲ್ಲಿ ಅಂಥವಕ್ಕೆ ಪರ್ಯಾಯ ಅಳತೆ ಹೇಳಿರಬೇಕು. ಅರ್ಕನ್ಸಾದ 2015ರ 900ನೇ ಕಾಯ್ದೆ ಬೇರೆ ದಾರಿ ಹಿಡಿಯಿತು: ಸಗಟು ವ್ಯಾಪಾರಿಯ ಬಿಲ್ಲಿಗಿಂತ ಪಾವತಿ ಕಡಿಮೆಯಾಗಬಾರದು, ಖರೀದಿ ಬೆಲೆ ಶೇ 10 ಏರಿದರೆ ಪಿಬಿಎಂ 7 ದಿನದೊಳಗೆ ತನ್ನ ದರಪಟ್ಟಿ ತಿದ್ದಬೇಕು, ಫಾರ್ಮಸಿಗೆ ಮೇಲ್ಮನವಿಯ ಹಕ್ಕಿರಬೇಕು.

ಈ ಕಲಮಿನಲ್ಲಿ ಹೆಚ್ಚು ಮೋಸ ಹೋಗುವುದು ‘ಒಟ್ಟಾರೆ’ ಎಂಬ ಮಾತಿನಿಂದ. ಪ್ರತಿ ಕ್ಲೇಮಿಗೂ ಕನಿಷ್ಠ ದರ ಕೊಟ್ಟು, ವರ್ಷದ ಕೊನೆಗೆ ‘ಒಪ್ಪಂದದ ಸರಾಸರಿ ದರ ಮೀರಿದೆ’ ಎಂದು ಲಕ್ಷಗಟ್ಟಲೆ ವಾಪಸ್ ಕಿತ್ತುಕೊಂಡರೆ ಕಾಯ್ದೆ ನೀರಿನಲ್ಲಿ ಹೋಮವಾಯಿತು. ‘ಕೌಂಟರಿನಲ್ಲಿ ಕ್ಲೇಮ್ ತೀರ್ಮಾನವಾದ ಮೇಲೆ, ವಂಚನೆ ಅಥವಾ ತಪ್ಪು ಬಿಲ್ಲಿನ ಹೊರತು, ಯಾವ ಹೆಸರಿನಲ್ಲೂ ಹಣ ಹಿಂಪಡೆಯಕೂಡದು’ ಎಂಬ ಸಾಲು ಇರಲೇಬೇಕು. ಹಿರಿಯರ ಸರ್ಕಾರಿ ವಿಮೆಯ ಔಷಧ ಭಾಗವಾದ ಮೆಡಿಕೇರ್ ಪಾರ್ಟ್ ಡಿಯಲ್ಲಿ 2024ರ ಜನವರಿ 1ರಿಂದ ಫಾರ್ಮಸಿಯಿಂದ ಕಡಿತ ಮಾಡುವುದನ್ನೆಲ್ಲ ಕೌಂಟರಿನ ಬೆಲೆಯಲ್ಲೇ ತೋರಿಸಬೇಕೆಂಬ ನಿಯಮ ಬಂತು. ನಿಯಮ ಸರಿಯಾದದ್ದೇ. ಆದರೆ ಹೊಸ ಕಡಿಮೆ ಪಾವತಿ ಶುರುವಾದ ತಿಂಗಳುಗಳಲ್ಲೇ 2023ರ ಹಳೆಯ ಕಡಿತಗಳ ವಸೂಲಿಯೂ ನಡೆದು ಸಣ್ಣ ಫಾರ್ಮಸಿಗಳ ಕೈಯಲ್ಲಿ ಕಾಸಿಲ್ಲದಂತಾಯಿತು. ಹಳೆಯ ಬಾಕಿಯನ್ನು ಕಂತಿನಲ್ಲಿ ಕಟ್ಟುವ ಅವಕಾಶ ಮಸೂದೆಯಲ್ಲೇ ಇದ್ದರೆ ಈ ಪೆಟ್ಟು ತಪ್ಪುತ್ತದೆ.

ರಿಬೇಟನ್ನು ಪಟ್ಟಿ ಬೆಲೆಯಿಂದ ಬಿಡಿಸುವುದು

ಪಿಬಿಎಂನ ಗಳಿಕೆ ಪಟ್ಟಿ ಬೆಲೆಯ ಶೇಕಡಾವಾರು ಆಗಿರುವವರೆಗೂ ದುಬಾರಿ ಔಷಧವೇ ಅದಕ್ಕೆ ಅಚ್ಚುಮೆಚ್ಚು. ಇದಕ್ಕೆ ಸೆಮ್‌ಗ್ಲೀ ಇನ್ಸುಲಿನ್ ಒಳ್ಳೆಯ ಪುರಾವೆ. 2021ರಲ್ಲಿ ತಯಾರಕರು ಒಂದೇ ಇನ್ಸುಲಿನ್ನನ್ನು ಎರಡು ಬೆಲೆಗೆ ಬಿಟ್ಟರು: ಬ್ರ್ಯಾಂಡ್ ಹೆಸರಿನ ವೈಯಲ್ ಸುಮಾರು 269 ಡಾಲರ್, ಹೆಸರಿಲ್ಲದ್ದು ಸುಮಾರು 99 ಡಾಲರ್. ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ತನ್ನ ಮುಖ್ಯ ಪಟ್ಟಿಗೆ ಆರಿಸಿಕೊಂಡದ್ದು ದುಬಾರಿಯದನ್ನು. ರಿಬೇಟ್ ಲೆಕ್ಕದಲ್ಲಿ ಯೋಜನೆಗೆ ಅದು ಹೊಂದಿದ್ದಿರಬಹುದು, ಡಿಡಕ್ಟಿಬಲ್ ಕಟ್ಟುತ್ತಿದ್ದ ಮಧುಮೇಹಿಗೆ ಹೊಂದಲಿಲ್ಲ.

ಇಲ್ಲಿ ಮೂರು ಕೊಂಡಿಗಳು ಒಟ್ಟಿಗೆ ಬೇಕು, ಒಂದು ಬಿಟ್ಟರೂ ಉಳಿದೆರಡು ಸಡಿಲ. ಪಿಬಿಎಂಗೆ ಕೊಡುವ ಸೇವಾ ಶುಲ್ಕ ಡಾಲರಿನಲ್ಲಿ ನಿಗದಿಯಾಗಿರಬೇಕು, ಔಷಧದ ಬೆಲೆಗೂ ರಿಬೇಟಿಗೂ ಅದಕ್ಕೆ ನಂಟಿರಬಾರದು. ರೋಗಿಯ ಪಾಲನ್ನು ರಿಬೇಟ್ ಕಳೆದ ಬೆಲೆಯ ಮೇಲೆ ಲೆಕ್ಕ ಹಾಕಬೇಕು. ಮತ್ತು ಒಂದೇ ಔಷಧದ ಅಗ್ಗದ ರೂಪವನ್ನು ಪಟ್ಟಿಯಿಂದ ಹೊರಗಿಡುವುದಾಗಲೀ ರೋಗಿ ಹೆಚ್ಚು ಕೊಡಬೇಕಾದ ಸ್ತರಕ್ಕೆ ತಳ್ಳುವುದಾಗಲೀ ಕೂಡದು. ಎರಡನೆಯದಕ್ಕೆ ಪ್ರೀಮಿಯಂ ಏರುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ, ಇಲ್ಲಿಯವರೆಗೆ ರಿಬೇಟಿನ ಹಣ ಎಲ್ಲರ ಪ್ರೀಮಿಯಂ ಇಳಿಸಲು ಬಳಕೆಯಾಗುತ್ತಿತ್ತು. ಅಂದರೆ ಕಾಯಿಲೆಯವರ ಜೇಬಿನಿಂದ ಆರೋಗ್ಯವಂತರ ಪ್ರೀಮಿಯಮಿಗೆ. ವಿಮೆ ಇರುವುದು ಇದರ ತದ್ವಿರುದ್ಧ ಕೆಲಸಕ್ಕೆ ಎಂದು ಸಮಿತಿಗೆ ನೇರವಾಗಿ ಹೇಳುವುದೇ ಒಳ್ಳೆಯದು.

ಎರಿಸಾ ಎಂಬ ಗೋಡೆ

ಕಂಪನಿಯೇ ಹಣ ಹಾಕಿ ನಡೆಸುವ ಆರೋಗ್ಯ ಯೋಜನೆಗಳು 1974ರ ಎರಿಸಾ ಎಂಬ ಕೇಂದ್ರ ಕಾಯ್ದೆಯ ಕೆಳಗೆ ಬರುತ್ತವೆ. ಕೆಲಸದ ಮೂಲಕ ವಿಮೆ ಪಡೆದ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂಥ ಯೋಜನೆಗಳಲ್ಲಿದ್ದಾರೆ. ರಾಜ್ಯದ ಕಾಯ್ದೆ ಅಲ್ಲಿಗೆ ಎಷ್ಟು ಮುಟ್ಟುತ್ತದೆ? ಅರ್ಕನ್ಸಾದ ಆ 900ನೇ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಒಮ್ಮತದಿಂದ ಎತ್ತಿಹಿಡಿಯಿತು. ಬರೀ ವೆಚ್ಚವನ್ನು ನಿಯಂತ್ರಿಸಿದರೆ ಎರಿಸಾ ಅಡ್ಡ ಬರುವುದಿಲ್ಲ ಎಂಬುದು ಅದರ ಸಾರ. ಒಕ್ಲಹೋಮಾ 2019ರಲ್ಲಿ ಯಾವ ಫಾರ್ಮಸಿಗಳು ವಿಮೆ ನಡೆಯುವ ಜಾಲದಲ್ಲಿರಬೇಕು ಎಂಬುದಕ್ಕೇ ಕೈಹಾಕಿತು. ಆ ಕಲಮುಗಳನ್ನು ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಬದಿಗಿಟ್ಟಿತು, 2025ರಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಪಿಬಿಎಂಗಳು ಫಾರ್ಮಸಿಗಳನ್ನೇ ಹೊಂದಿರಕೂಡದು ಎಂದ ಅರ್ಕನ್ಸಾದ 2025ರ 624ನೇ ಕಾಯ್ದೆಗೂ ಅದೇ ವರ್ಷ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು.

ಮಸೂದೆ ಬರೆಯುವವರಿಗೆ ಇದರಿಂದ ಬರುವ ಕೆಲಸ ಇಷ್ಟು: ದರ, ಪಾವತಿ, ಶುಲ್ಕ, ವರದಿಯ ಕಲಮುಗಳನ್ನು ಒಂದು ಭಾಗದಲ್ಲಿಡಿ, ಫಾರ್ಮಸಿ ಜಾಲ ಮತ್ತು ಒಡೆತನದ ಕಲಮುಗಳನ್ನು ಇನ್ನೊಂದರಲ್ಲಿ. ಒಂದು ಭಾಗ ಬಿದ್ದರೂ ಇನ್ನೊಂದು ನಿಲ್ಲುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಎಲ್ಲವನ್ನೂ ಒಂದೇ ಕಲಮಿನಲ್ಲಿ ಹೆಣೆದರೆ ಕೋರ್ಟಿನಲ್ಲಿ ಎಲ್ಲವೂ ಒಟ್ಟಿಗೇ ಮುಳುಗುತ್ತವೆ.

ಜಾರಿ, ಆಡಿಟ್, ಸಾಕ್ಷ್ಯ

ರಾಜ್ಯದ ವಿಮಾ ಇಲಾಖೆಗೆ ಪರವಾನಗಿ ರದ್ದು ಮಾಡುವ ಅಧಿಕಾರ, ಅಂಗಸಂಸ್ಥೆಗಳ ಖಾತೆಯನ್ನೂ ತರಿಸಿಕೊಳ್ಳುವ ಅಧಿಕಾರ, ಸಿಬ್ಬಂದಿಗೆ ಹಣ, ಈ ಮೂರೂ ಇವೆಯೇ ನೋಡಿ. ದಂಡ ‘ವರ್ಷಕ್ಕೆ ಇಷ್ಟು’ ಎಂದಿದ್ದರೆ ಪಿಬಿಎಂ ಅದನ್ನು ವ್ಯಾಪಾರದ ಖರ್ಚಿಗೆ ಸೇರಿಸಿಬಿಡುತ್ತದೆ, ಆದ್ದರಿಂದ ಕ್ಲೇಮಿಗೆ ಇಷ್ಟು ಎಂದಿರಬೇಕು. ದೂರು ಕೊಟ್ಟ ಫಾರ್ಮಸಿಯನ್ನು ಜಾಲದಿಂದ ಕಿತ್ತುಹಾಕುವುದಕ್ಕೂ, ದಿಢೀರ್ ಆಡಿಟ್ ಕಳಿಸಿ ಕಾಡುವುದಕ್ಕೂ ತಡೆ ಬೇಕು. ಅದಿಲ್ಲದಿದ್ದರೆ ದೂರೇ ಬರುವುದಿಲ್ಲ.

ನೌಕರರಿಗೆ ವಿಮೆ ಕೊಡುವ ಕಂಪನಿಯವರು ಕಾಯ್ದೆಗೆ ಕಾಯದೆಯೂ ಮಾಹಿತಿ ಕೇಳಬಹುದು. ಬೆಲೆ ಮತ್ತು ಕ್ಲೇಮಿನ ಮಾಹಿತಿ ಮುಚ್ಚಿಡುವ ಕರಾರುಗಳನ್ನು 2021ರ ಕೇಂದ್ರ ವೆಚ್ಚ ಕಾಯ್ದೆ ನಿಷೇಧಿಸಿದೆ. ಅಂಥ ಕರಾರು ತಮ್ಮಲ್ಲಿಲ್ಲ ಎಂದು ಯೋಜನೆಗಳು ಪ್ರತಿವರ್ಷ ಡಿಸೆಂಬರ್ 31ರೊಳಗೆ ದೃಢೀಕರಿಸಬೇಕು. ದೃಢೀಕರಣಕ್ಕೆ ಸಹಿ ಹಾಕುವ ಮುನ್ನ ಒಪ್ಪಂದದ ಆಡಿಟ್ ಕಲಮು ಓದಿ: ಆಡಿಟರ್ ಯಾರೆಂದು ಪಿಬಿಎಂ ಒಪ್ಪಬೇಕೇ, ಎಷ್ಟು ಕ್ಲೇಮ್ ಮಾತ್ರ ನೋಡಬಹುದು, ಖರೀದಿ ಕಂಪನಿಯ ಖಾತೆ ಸೇರಿದೆಯೇ. ರೋಗಿಗಳಿಗೆ ಒಂದೇ ಮಾತು. ವಿಮೆಯಿಲ್ಲದೆ ಕೊಂಡರೆ ಅಗ್ಗವೇ ಎಂದು ಫಾರ್ಮಸಿಯವರನ್ನು ಕೇಳಿ. ಹೇಳದಂತೆ ಅವರ ಬಾಯಿ ಕಟ್ಟುವುದನ್ನು 2018ರ ಎರಡು ಕೇಂದ್ರ ಕಾಯ್ದೆಗಳು ನಿಷೇಧಿಸಿವೆ. ಹಾಗೆ ಕೊಂಡ ಹಣ ಸಾಮಾನ್ಯವಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ.

ಸಮಿತಿಯ ಮುಂದೆ ಮಾತಾಡಲು ಸಾಮಾನ್ಯವಾಗಿ ಸಿಗುವುದು ಎರಡು-ಮೂರು ನಿಮಿಷ. ಅಷ್ಟರಲ್ಲಿ ಪಿಬಿಎಂ ಎಂದರೇನು ಎಂದು ವಿವರಿಸಲು ಹೋಗಬೇಡಿ. ಮೂರು ಕ್ಲೇಮುಗಳನ್ನು ಒಂದು ಹಾಳೆಯಲ್ಲಿ ತನ್ನಿ: ದಿನಾಂಕ, ಔಷಧ, ಪ್ರಮಾಣ, ಆ ದಿನದ ನಾಡಾಕ್, ಫಾರ್ಮಸಿಗೆ ಬಂದದ್ದು, ಯೋಜನೆಗೆ ಬಿಲ್ ಆದದ್ದು. ಕೊನೆಯ ಅಂಕಿ ಫಾರ್ಮಸಿಯ ಬಳಿ ಇರುವುದಿಲ್ಲ, ನೌಕರರಿಗೆ ವಿಮೆ ಕೊಡುವ ಕಂಪನಿಯ ಬಳಿ ಇರುತ್ತದೆ, ಹಾಗಾಗಿ ಇಬ್ಬರೂ ಜೊತೆಯಾಗಬೇಕು. ರೋಗಿಯ ಹೆಸರು, ಹುಟ್ಟಿದ ದಿನ, ಚೀಟಿಯ ಸಂಖ್ಯೆ ಪೂರ್ತಿ ಅಳಿಸಿರಿ. ಒಪ್ಪಂದದ ಗೌಪ್ಯತೆಯ ಕಲಮನ್ನು ವಕೀಲರಿಗೆ ತೋರಿಸಿಯೇ ಹಾಳೆ ಹಂಚಿ.

ಕೊನೆಯ ಪುಟದಲ್ಲಿ ಜಾರಿಯ ದಿನಾಂಕ ನೋಡಿ. ‘ಈ ದಿನಾಂಕದ ನಂತರ ಮಾಡಿಕೊಂಡ ಅಥವಾ ನವೀಕರಿಸಿದ ಒಪ್ಪಂದಗಳಿಗೆ ಅನ್ವಯ’ ಎಂದಿದ್ದರೆ, ದಿನಾಂಕಕ್ಕೆ ಹಿಂದಿನ ತಿಂಗಳು ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ ಪಿಬಿಎಂಗೆ ಮೂರು ವರ್ಷ ಬಿಡುವು ಸಿಕ್ಕಂತೆ. ಒಪ್ಪಂದ ಯಾವಾಗಿನದೇ ಆಗಿರಲಿ, ನಿಗದಿತ ದಿನದ ನಂತರ ಕೊಟ್ಟ ಪ್ರತಿ ಔಷಧಕ್ಕೂ ಅನ್ವಯ ಎಂದು ಆ ಸಾಲನ್ನು ತಿದ್ದಿಸಿ. ತಿದ್ದಲು ಒಪ್ಪದಿದ್ದರೆ, ಚಾಲ್ತಿಯಲ್ಲಿರುವ ಒಪ್ಪಂದಗಳಿಗೆ ಹೆಚ್ಚೆಂದರೆ 12 ತಿಂಗಳ ಗಡುವನ್ನಾದರೂ ಹಾಕಿಸಿ.